ಪ್ರೊಜೆಕ್ಟರ್ ಕೊಳ್ಳುವ ಮೊದಲು ಕೋಣೆ ಅಳೆಯಿರಿ

ಪ್ರೊಜೆಕ್ಟರ್ ತಗೋಬೇಕು ಅಂತ ಮನಸ್ಸು ಮಾಡಿದವರು ಮೊದಲು ಕೈ ಹಾಕೋದು ಮೊಬೈಲಿಗೆ. ಆನ್‌ಲೈನ್ ಪಟ್ಟಿಯಲ್ಲಿ ಏಳು ಸಾವಿರದ ಡಬ್ಬಿಗೂ 9000 ಲ್ಯೂಮೆನ್ಸ್ (ಬೆಳಕಿನ ಅಳತೆ), 4ಕೆ, 200 ಇಂಚು ಅಂತ ಬರೆದಿರುತ್ತೆ. ಆ ಅಂಕಿಗಳನ್ನು ಹೋಲಿಸುತ್ತಾ ಕೂತರೆ ತಲೆ ಕೆಡುತ್ತೆ ಹೊರತು ದಾರಿ ಸಿಗಲ್ಲ. ಮೊಬೈಲ್ ಪಕ್ಕಕ್ಕಿಟ್ಟು ಅಳತೆ ಟೇಪು ತಗೊಳ್ಳಿ. ಹಾಸನದ 30×40 ಸೈಟಿನ ಆರ್‌ಸಿಸಿ ಮನೆಗೆ ಹೊಂದುವ ಪ್ರೊಜೆಕ್ಟರ್ ಮೂಡಿಗೆರೆ ಕಡೆಯ ತೋಟದ ಹಂಚಿನ ಮನೆಗೆ ಹೊಂದಬೇಕು ಅಂತೇನಿಲ್ಲ. ಕೋಣೆಯ ಉದ್ದ, ಅಲ್ಲಿ ಸಿಗುವ ಕತ್ತಲೆ, ಮಳೆಗಾಲದ ತೇವ, ಕರೆಂಟಿನ ಸ್ಥಿತಿ ಇವಿಷ್ಟು ಗೊತ್ತಾದರೆ ಪಟ್ಟಿಯ ಮುಕ್ಕಾಲು ಭಾಗ ತಾನಾಗಿಯೇ ಉದುರಿಹೋಗುತ್ತೆ.

ಮೊದಲೇ ಒಂದು ಮಾತು. ಹಗಲು ಹೊತ್ತಲ್ಲಿ ಕಿಟಕಿ ತೆರೆದು ಕ್ರಿಕೆಟ್ ನೋಡೋದೇ ನಿಮ್ಮ ಮುಖ್ಯ ಉದ್ದೇಶವಾದರೆ ಟಿವಿ ತಗೊಳ್ಳಿ. ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಎರಚೋಕೆ ಆಗಲ್ಲ. ಗೋಡೆ ಮೇಲೆ ಬಿದ್ದಿರುವ ಹಗಲಿನ ಬೆಳಕೇ ಚಿತ್ರದ ಕಪ್ಪು ಆಗುತ್ತೆ. ಬಿಳಿ ಗೋಡೆ ಎಷ್ಟು ಬೆಳ್ಳಗೆ ಕಾಣುತ್ತೋ ಚಿತ್ರದಲ್ಲಿನ ರಾತ್ರಿಯೂ ಅಷ್ಟೇ ಬೆಳ್ಳಗೆ. ಕಡಿಮೆ ಬಜೆಟ್ಟಿನಲ್ಲಿ ಇದಕ್ಕೆ ಪರಿಹಾರ ಇಲ್ಲ. ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಕೂತು ಸಿನಿಮಾ ನೋಡೋರಿಗೆ ಮಾತ್ರ ಅದೇ ದುಡ್ಡಿನಲ್ಲಿ ಯಾವ ಟಿವಿಯೂ ಕೊಡದ ದೊಡ್ಡ ಚಿತ್ರ ಇದರಲ್ಲಿ ಸಿಗುತ್ತೆ.

ದೂರ ಮತ್ತು ಅಗಲ

ಪ್ರತಿ ಪ್ರೊಜೆಕ್ಟರಿಗೂ ಥ್ರೋ ರೇಶಿಯೊ ಅಂತ ಒಂದು ಸಂಖ್ಯೆ ಇರುತ್ತೆ. ಲೆನ್ಸಿನಿಂದ ಗೋಡೆಗೆ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರೋದೇ ಅದು. 12 ಅಡಿ ಉದ್ದದ ಕೋಣೆ ಅಂತಿಟ್ಟುಕೊಳ್ಳಿ. ಪ್ರೊಜೆಕ್ಟರಿನ ಮೈ, ಹಿಂದೆ ಕೇಬಲ್ ಬಾಗೋಕೆ, ಗಾಳಿ ಆಡೋಕೆ ಅಂತ ಒಂದೂವರೆ ಅಡಿ ಕಳೆದರೆ ಉಳಿಯೋದು ಹತ್ತೂವರೆ ಅಡಿ, ಅಂದರೆ 3.2 ಮೀಟರ್. ಥ್ರೋ 1.5 ಇದ್ದರೆ ಚಿತ್ರದ ಅಗಲ 2.13 ಮೀಟರ್, ಕರ್ಣ 96 ಇಂಚು. ಥ್ರೋ 1.35 ಇದ್ದರೆ ಅದೇ ಜಾಗದಲ್ಲಿ 107 ಇಂಚು ಸಿಗುತ್ತೆ. 10 ಅಡಿ ಕೋಣೆಯವರು ಈ ಲೆಕ್ಕ ಮಾಡದೆ ತಂದರೆ ಚಿತ್ರ 78 ಇಂಚಿಗೇ ನಿಂತುಬಿಡಬಹುದು. ಬಹಳಷ್ಟು ಚಿಕ್ಕ ಎಲ್‌ಇಡಿ ಪ್ರೊಜೆಕ್ಟರುಗಳಲ್ಲಿ ನಿಜವಾದ ಜೂಮ್ ಲೆನ್ಸ್ ಇರಲ್ಲ. ಮೆನುವಿನಲ್ಲಿರುವ ಜೂಮ್ ಚಿತ್ರವನ್ನು ಚಿಕ್ಕದು ಮಾಡುತ್ತೆ ಅಷ್ಟೇ, ದೊಡ್ಡದು ಮಾಡಲ್ಲ. ಚಿಕ್ಕದು ಮಾಡಿದಾಗ ಬೆಳಕೂ ಪಿಕ್ಸೆಲ್ಲೂ ಎರಡೂ ಹೋಗುತ್ತೆ.

ನೂರು ಇಂಚಿನ ಚಿತ್ರ ಅಂದರೆ 2.21 ಮೀಟರ್ ಅಗಲ, 1.25 ಮೀಟರ್ ಎತ್ತರ. ಗೋಡೆ ಮೇಲೆ ಈ ಅಳತೆಗೆ ಸೀಮೆಸುಣ್ಣದಲ್ಲಿ ಚೌಕ ಎಳೆದು ನೋಡಿ. ಸ್ವಿಚ್ ಬೋರ್ಡು, ಗೂಡು, ಬಾಗಿಲ ಚೌಕಟ್ಟು ಎಲ್ಲಿ ಅಡ್ಡ ಬರುತ್ತೆ ಅನ್ನೋದು ಆಗಲೇ ಕಾಣುತ್ತೆ. ಕೂರುವ ಜಾಗ ಗೋಡೆಯಿಂದ ಒಂಬತ್ತು ಹತ್ತು ಅಡಿ ಇದ್ದರೆ ಸರಿಹೋಗುತ್ತೆ. ಆರು ಅಡಿಯಲ್ಲಿ ಕೂತರೆ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಬೇಕಾಗುತ್ತೆ.

ಬೆಳಕಿನ ಲೆಕ್ಕ

ಮೋಸ ಹೋಗೋದು ಹೆಚ್ಚು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಲ್ಯೂಮೆನ್ಸ್ ಅಂತ ಬರೀ ಒಂದು ಪದ ಬರೆದಿದ್ದರೆ ಅದಕ್ಕೆ ಬೆಲೆ ಇಲ್ಲ. ಎಲ್‌ಇಡಿ ಲ್ಯೂಮೆನ್ಸ್, ಲೈಟ್ ಸೋರ್ಸ್ ಲ್ಯೂಮೆನ್ಸ್ ಅಂತ ಇದ್ದರೂ ಅಷ್ಟೇ. ಅದು ಒಳಗಿನ ಬಲ್ಬಿನ ಬೆಳಕೇ ಹೊರತು ಲೆನ್ಸಿನಿಂದ ಆಚೆ ಬಂದದ್ದಲ್ಲ. ನೋಡಬೇಕಾದ್ದು ಹಾಗೆ ಆಚೆ ಬಂದ ಬೆಳಕನ್ನು ಅಳೆದು ಹೇಳೋ ಆನ್ಸಿ ಲ್ಯೂಮೆನ್ಸ್ ಅಥವಾ ಐಎಸ್‌ಒ ಲ್ಯೂಮೆನ್ಸ್. 9000 ಅಂತ ಬರೆದ ಡಬ್ಬಿಯಲ್ಲಿ ಆನ್ಸಿ ಅಳತೆಗೆ 200-300 ಮಾತ್ರ ಇರೋದು ಹೊಸದೇನಲ್ಲ.

ಎಷ್ಟು ಬೇಕು? ಚಿತ್ರಮಂದಿರದ ಪರದೆಗೆ ನಿಗದಿಯಾಗಿರುವ ಬೆಳಕು ಚದರ ಮೀಟರಿಗೆ 48 ಕ್ಯಾಂಡೆಲಾ. ಮ್ಯಾಟ್ ಬಿಳಿ ಗೋಡೆ ಮೇಲೆ ಅಷ್ಟು ಬೆಳಕು ಕಾಣಬೇಕಾದರೆ ಸುಮಾರು 150 ಲಕ್ಸ್ ಬೀಳಬೇಕು. ಲಕ್ಸ್ ಅಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್ಸ್. 80 ಇಂಚಿನ ಚಿತ್ರದ ವಿಸ್ತೀರ್ಣ 1.76 ಚದರ ಮೀಟರ್, ಅದಕ್ಕೆ 265 ಲ್ಯೂಮೆನ್ಸ್. 100 ಇಂಚು 2.76 ಚದರ ಮೀಟರ್, ಅದಕ್ಕೆ 415. 120 ಇಂಚಿಗೆ ಹೋದರೆ 3.97 ಚದರ ಮೀಟರ್, ಸುಮಾರು 600. ಇದು ಪೂರ್ತಿ ಕತ್ತಲೆಯಲ್ಲಿ, ಗೋಡೆಗೆ ತಲುಪಬೇಕಾದ ಬೆಳಕು. ಸಿನಿಮಾ ಮೋಡಿಗೆ ಹಾಕಿದರೆ ಮೂರನೇ ಒಂದು ಭಾಗದಷ್ಟು ಬೆಳಕು ಹೋಗುತ್ತೆ. ವರ್ಷ ಕಳೆದಂತೆ ಬಲ್ಬೂ ಮಂಕಾಗುತ್ತೆ. ಹಾಗಾಗಿ ಒಂದೂವರೆ ಪಟ್ಟು ಇಟ್ಟುಕೊಳ್ಳಿ: 80 ಇಂಚಿಗೆ 400, 100 ಇಂಚಿಗೆ 620, 120ಕ್ಕೆ 900 ಆನ್ಸಿ ಲ್ಯೂಮೆನ್ಸ್. ಒಂದು ಸಣ್ಣ ದೀಪ ಉರಿಯಬೇಕು, ಮಕ್ಕಳು ಓಡಾಡಬೇಕು ಅಂದರೆ ಇದರ ಎರಡು ಮೂರು ಪಟ್ಟು.

ಕೈಗೆ ಬಂದ ಪ್ರೊಜೆಕ್ಟರನ್ನು ಮನೆಯಲ್ಲೇ ಅಳೆಯಬಹುದು. ಆಂಡ್ರಾಯ್ಡ್ ಫೋನಿಗೆ ಲಕ್ಸ್ ಮೀಟರ್ ಆಪ್ ಹಾಕಿಕೊಳ್ಳಿ. ಕೋಣೆ ಕತ್ತಲೆ ಮಾಡಿ, ಪೂರ್ತಿ ಬಿಳಿಯ ಒಂದು ಚಿತ್ರವನ್ನು ಗೋಡೆ ಮೇಲೆ ಬಿಡಿ. ಚಿತ್ರವನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಭಾಗ ಮಾಡಿದರೆ ಒಂಬತ್ತು ಮನೆ ಆಗುತ್ತೆ, ಚೌಕಾಬಾರದ ಮನೆ ಹಾಗೆ. ಪ್ರತಿ ಮನೆಯ ನಡುವೆ ಫೋನಿನ ಬೆನ್ನು ಗೋಡೆಗೆ ತಾಗಿಸಿ, ಮುಖ ಪ್ರೊಜೆಕ್ಟರಿನ ಕಡೆಗೆ ಹಿಡಿಯಿರಿ. ಬೆಳಕು ಅಳೆಯುವ ಸೆನ್ಸರ್ ಸಾಮಾನ್ಯವಾಗಿ ಮುಂಭಾಗದಲ್ಲಿ ಮೇಲುಗಡೆ ಇರುತ್ತೆ, ಅದರ ಮೇಲೆ ನಿಮ್ಮ ನೆರಳು ಬೀಳದ ಹಾಗೆ ಪಕ್ಕಕ್ಕೆ ನಿಲ್ಲಿ. ಒಂಬತ್ತೂ ಸಂಖ್ಯೆ ಕೂಡಿ ಒಂಬತ್ತರಿಂದ ಭಾಗಿಸಿ, ಚಿತ್ರದ ವಿಸ್ತೀರ್ಣದಿಂದ ಗುಣಿಸಿ. 80 ಇಂಚಿನ ಚಿತ್ರದಲ್ಲಿ ಸರಾಸರಿ 170 ಲಕ್ಸ್ ಬಂದರೆ 170 × 1.76, ಅಂದರೆ 300 ಲ್ಯೂಮೆನ್ಸ್. ಫೋನಿನ ಸೆನ್ಸರ್ ಅಂಗಡಿ ತಕ್ಕಡಿಯಷ್ಟು ನಿಖರ ಅಲ್ಲ, ಸ್ವಲ್ಪ ಹೆಚ್ಚು ಕಮ್ಮಿ ತೋರಿಸುತ್ತೆ. ಆದರೆ 800 ಅಂತ ಹೇಳಿ 250 ಕೊಟ್ಟಿದ್ದರೆ ಮುಚ್ಚಿಡೋಕಾಗಲ್ಲ. ನಡುವಿನ ಮನೆಗೂ ಮೂಲೆಯ ಮನೆಗೂ ಇರುವ ವ್ಯತ್ಯಾಸವನ್ನೂ ಬರೆದುಕೊಳ್ಳಿ. ಮೂಲೆಯಲ್ಲಿ ನಡುವಿನ ಅರ್ಧಕ್ಕಿಂತ ಕಡಿಮೆ ಇದ್ದರೆ ಚಿತ್ರದ ಅಂಚು ಮಬ್ಬಾಗಿ ಕಾಣುತ್ತೆ, ಅಂಥದ್ದು ವಾಪಸ್ ಕಳಿಸೋದೇ ವಾಸಿ.

ಒಳಗಿರುವ ಯಂತ್ರ

ರೆಸಲ್ಯೂಶನ್ನಿನಲ್ಲೂ ಇದೇ ಕಥೆ. 4ಕೆ ಸಪೋರ್ಟ್ ಅಂದರೆ 4ಕೆ ಸಿಗ್ನಲ್ ಕೊಟ್ಟರೆ ತಗೊಳ್ಳುತ್ತೆ ಅಂತ ಮಾತ್ರ, ತೋರಿಸುತ್ತೆ ಅಂತಲ್ಲ. ನೇಟಿವ್ ರೆಸಲ್ಯೂಶನ್, ಅಂದರೆ ಒಳಗೆ ಚಿತ್ರ ಮೂಡಿಸೋ ಪ್ಯಾನೆಲ್ಲಿನ ಸ್ವಂತ ಪಿಕ್ಸೆಲ್, ಎಷ್ಟು ಅಂತ ಕೇಳಿ. 800×480 ಇದ್ದರೆ ಎಪ್ಪತ್ತು ಇಂಚಿನಲ್ಲೇ ಕಾಳು ಕಾಳಾಗಿ ಕಾಣುತ್ತೆ. 1280×720 ಎಂಬತ್ತು ಇಂಚಿನವರೆಗೆ ನಡೆಯುತ್ತೆ. ನೂರು ಇಂಚಿನ ಆಸೆ ಇದ್ದರೆ 1920×1080ಕ್ಕಿಂತ ಕೆಳಗೆ ಇಳಿಯಬೇಡಿ. ಅನುಮಾನ ಬಂದರೆ ಲ್ಯಾಪ್‌ಟಾಪಿನಲ್ಲಿ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಗೆರೆಗಳಿರುವ 1920×1080 ಚಿತ್ರ ಹಾಕಿ, ಕೀಸ್ಟೋನ್ (ಓರೆಯಾದ ಚಿತ್ರವನ್ನು ನೇರ ಮಾಡೋ ಸೆಟ್ಟಿಂಗ್) ತೆಗೆದು, ಜೂಮ್ ನೂರಕ್ಕಿಟ್ಟು ನೋಡಿ. ಗೆರೆಗಳು ಒಂದೇ ಸಮ ಸಣ್ಣಗೆ ಬಂದರೆ ನೇಟಿವ್ ಸರಿ ಇದೆ. ಅಲೆ ಅಲೆಯಾಗಿ ಪಟ್ಟಿ ಕಂಡರೆ ಒಳಗಿನ ಪ್ಯಾನೆಲ್ ಚಿಕ್ಕದು.

ಕಡಿಮೆ ಬೆಲೆಯಲ್ಲಿ ಸಿಗೋದು ಮುಖ್ಯವಾಗಿ ಮೂರು ಬಗೆ. ಒಂದೇ ಎಲ್‌ಸಿಡಿ ಪ್ಯಾನೆಲ್ಲಿನ ಎಲ್‌ಇಡಿ ಪ್ರೊಜೆಕ್ಟರ್ ಎಲ್ಲಕ್ಕಿಂತ ಅಗ್ಗ. ಬಲ್ಬು ಬದಲಿಸೋ ಖರ್ಚಿಲ್ಲ, ಆದರೆ ಬಿಸಿ ಜಾಸ್ತಿ. ಗಾಳಿ ಸರಿಯಾಗಿ ಆಡದಿದ್ದರೆ ಪ್ಯಾನೆಲ್ಲಿನ ಪೋಲರೈಸರ್ ಹಾಳೆ ಸುಟ್ಟು ಚಿತ್ರದ ನಡುವೆ ಹಳದಿ ಅಥವಾ ನೇರಳೆ ಕಲೆ ಬೀಳುತ್ತೆ. ಇದರಲ್ಲೇ ಆಪ್ಟಿಕಲ್ ಎಂಜಿನ್ (ಬೆಳಕು, ಪ್ಯಾನೆಲ್, ಲೆನ್ಸ್ ಇರುವ ಭಾಗ) ಪೂರ್ತಿ ಮುಚ್ಚಿರುವ ಮಾದರಿ ಸಿಗುತ್ತೆ, ಅದನ್ನೇ ತಗೊಳ್ಳಿ. ತೆರೆದ ಎಂಜಿನ್ನಿನಲ್ಲಿ ಫ್ಯಾನು ಎಳೆದುಕೊಂಡ ಧೂಳು ನೇರ ಪ್ಯಾನೆಲ್ ಮೇಲೆ ಕೂತು, ಪರದೆಯಲ್ಲಿ ಕಾಸಗಲದ ಮಸುಕು ಚುಕ್ಕೆಗಳಾಗಿ ಕಾಣುತ್ತೆ. ಅರಸೀಕೆರೆ ಕಡೆಯ ಒಣ ಧೂಳಿನವರಿಗೂ, ಕಣದಲ್ಲಿ ಕಾಫಿ ಒಣಗುವಾಗ ಮನೆ ತುಂಬ ಧೂಳು ಏಳೋ ತೋಟದವರಿಗೂ ಈ ಒಂದು ಅಂಶ ಬಹಳ ಮುಖ್ಯ.

ಎರಡನೇ ಬಗೆ ಡಿಎಲ್‌ಪಿ, ಸಣ್ಣ ಸಣ್ಣ ಕನ್ನಡಿಗಳ ಚಿಪ್ಪಿನಿಂದ ಚಿತ್ರ ಮೂಡಿಸುತ್ತೆ. ಇದರಲ್ಲಿ ಚಿತ್ರ ಗರಿಗರಿಯಾಗಿರುತ್ತೆ, ಚಿಪ್ಪೂ ಸಾಮಾನ್ಯವಾಗಿ ಭದ್ರವಾಗಿ ಮುಚ್ಚಿರುತ್ತೆ. ಬಣ್ಣದ ಚಕ್ರ ತಿರುಗುವ ಮಾದರಿಗಳಲ್ಲಿ ಕೆಲವರ ಕಣ್ಣಿಗೆ ಕಾಮನಬಿಲ್ಲಿನ ಎಳೆಗಳು ಮಿಂಚಿ ತಲೆನೋವು ತರುತ್ತೆ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರಗಳ ಮೇಲೆ ಕಣ್ಣನ್ನು ಎಡದಿಂದ ಬಲಕ್ಕೆ ಜೋರಾಗಿ ಓಡಿಸಿದರೆ ನಿಮಗೆ ಅದು ಕಾಣುತ್ತೋ ಇಲ್ಲವೋ ಗೊತ್ತಾಗುತ್ತೆ. ಮನೆಯವರೆಲ್ಲರಿಗೂ ತೋರಿಸಿ ಆಮೇಲೆ ತೀರ್ಮಾನ ಮಾಡಿ. ಮೂರು ಪ್ಯಾನೆಲ್ಲಿನ ಎಲ್‌ಸಿಡಿಯಲ್ಲಿ, ಎಪ್ಸನ್ ಮಾಡೋದು ಇದನ್ನೇ, ಈ ತೊಂದರೆ ಇಲ್ಲ, ಬಣ್ಣವೂ ತುಂಬಿಕೊಂಡಿರುತ್ತೆ. ಹೊಸದು ಬಜೆಟ್ಟಿಗೆ ಸ್ವಲ್ಪ ಮೇಲೆ. ಹಳೆಯದು ಮಾತ್ರ ಆಫೀಸು, ಶಾಲೆಗಳಿಂದ ಆಚೆ ಬಂದದ್ದು ಮಾರುಕಟ್ಟೆಯಲ್ಲಿ ಓಡಾಡುತ್ತಿರುತ್ತೆ.

ಹಳೆಯದು ಕೊಳ್ಳೋರು ಮೊದಲು ಪ್ಯಾನೆಲ್ಲಿನ ಆಕಾರ ನೋಡಿ. 1024×768 ಇದ್ದರೆ ಅದು 4:3. ಅದರ ಮೇಲೆ ಇವತ್ತಿನ ಅಗಲ ಚಿತ್ರ ಹಾಕಿದರೆ ಬಳಕೆಯಾಗೋದು 1024×576 ಮಾತ್ರ, ಕಾಲು ಭಾಗ ಬೆಳಕು ಕಪ್ಪು ಪಟ್ಟಿಗೆ ಹೋಯಿತು. ಮೆನುವಿನಲ್ಲಿ ಲ್ಯಾಂಪ್ ಅವರ್ಸ್ ನೋಡಿ, ಆದರೆ ಅದನ್ನು ಸೊನ್ನೆಗೆ ತಿರುಗಿಸಬಹುದು ಅನ್ನೋದು ನೆನಪಿರಲಿ. ಲ್ಯಾಂಪ್ ಆಯಸ್ಸು ಸಾಮಾನ್ಯವಾಗಿ 4000ದಿಂದ 6000 ಗಂಟೆ. ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ನೀಲಿ ಹೀಗೆ ಒಂದೊಂದೇ ಬಣ್ಣ ಹಾಕಿ ಅರ್ಧ ಗಂಟೆ ಓಡಿಸಿ. ಬಿಳಿಯಲ್ಲಿ ಹಳದಿ ಅಥವಾ ನೀಲಿ ಮೋಡ ಕಂಡರೆ ಎಲ್‌ಸಿಡಿ ಸವೆದಿದೆ. ಡಿಎಲ್‌ಪಿಯಲ್ಲಿ ಕಪ್ಪಿನ ಮೇಲೆ ನಕ್ಷತ್ರದ ಹಾಗೆ ಬಿಳಿ ಚುಕ್ಕೆ ಕಂಡರೆ ಚಿಪ್ಪಿನ ಸಣ್ಣ ಕನ್ನಡಿಗಳು ಸಾಯ್ತಾ ಇವೆ. ಒಂದು ಚುಕ್ಕೆಗೆ ನಿಲ್ಲಲ್ಲ, ದಿನೇ ದಿನೇ ಹೆಚ್ಚುತ್ತೆ. ದುಡ್ಡು ಕೊಡುವ ಮೊದಲು ಆ ಮಾದರಿಯ ಹೊಸ ಲ್ಯಾಂಪಿನ ಬೆಲೆ ವಿಚಾರಿಸಿ, ಅದನ್ನೂ ಸೇರಿಸಿ ಲೆಕ್ಕ ಹಾಕಿ.

ಆಪ್, ಪೆನ್‌ಡ್ರೈವ್, ಶಬ್ದ

ಆಂಡ್ರಾಯ್ಡ್ ಒಳಗೇ ಇದೆ ಅಂತ ಹೆಚ್ಚು ದುಡ್ಡು ಕೊಡಬೇಡಿ. ಅಗ್ಗದ ಪ್ರೊಜೆಕ್ಟರುಗಳಲ್ಲಿ ಸಿನಿಮಾ ಆಪುಗಳು ನಕಲು ತಡೆಯೋಕೆ ಕೇಳೋ ವೈಡ್‌ವೈನ್ ಎಲ್1 ಪರವಾನಗಿ ಇರಲ್ಲ, ಕೆಳಮಟ್ಟದ ಎಲ್3 ಇರುತ್ತೆ. ಆಗ ನೆಟ್‌ಫ್ಲಿಕ್ಸಿನಂಥ ಆಪುಗಳು 480ಪಿ ಮೇಲೆ ಹೋಗಲ್ಲ, ಕೆಲವು ತೆರೆಯೋದೂ ಇಲ್ಲ. ಫೋನಿನಿಂದ ಮಿರರ್ ಮಾಡಿದರೆ ಶಬ್ದ ಬರುತ್ತೆ, ಚಿತ್ರ ಕಪ್ಪು. ಬರೀ ಒಳ್ಳೆಯ ಪ್ರೊಜೆಕ್ಟರ್ ತಗೊಂಡು ಪಕ್ಕದಲ್ಲಿ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕೋದು ಎಲ್ಲ ರೀತಿಯಲ್ಲೂ ಲೇಸು. ಸ್ಟಿಕ್ಕಿಗೆ ಅದರ ಜೊತೆ ಬಂದ ಅಡಾಪ್ಟರಿನಿಂದಲೇ ಕರೆಂಟ್ ಕೊಡಿ. ಪ್ರೊಜೆಕ್ಟರಿನ ಯುಎಸ್‌ಬಿ ತೂತಿನಿಂದ ಕೊಟ್ಟರೆ ಅರ್ಧ ಆಂಪಿಯರ್ ಮಾತ್ರ ಬಂದು ಸಿನಿಮಾ ನಡುವೆ ಸ್ಟಿಕ್ ತಾನಾಗಿ ರೀಸ್ಟಾರ್ಟ್ ಆಗುತ್ತೆ. ಜನ ಅದನ್ನು ಪ್ರೊಜೆಕ್ಟರಿನ ದೋಷ ಅಂದುಕೊಳ್ತಾರೆ. ಇನ್ನೊಂದು, ಸ್ಟಿಕ್ಕಿನ ಸೆಟ್ಟಿಂಗಿನಲ್ಲಿ ಎಚ್‌ಡಿಆರ್ (ತುಂಬ ಬೆಳಕಿನ ಪರದೆಗಳಿಗೆ ಮಾಡಿದ ಚಿತ್ರದ ಬಗೆ) ನಿಲ್ಲಿಸಿ. ಐನೂರು ಲ್ಯೂಮೆನ್ಸಿನ ಪ್ರೊಜೆಕ್ಟರಿಗೆ ಎಚ್‌ಡಿಆರ್ ಸಿಗ್ನಲ್ ಕೊಟ್ಟರೆ ಚಿತ್ರ ಇನ್ನೂ ಕತ್ತಲಾಗುತ್ತೆ.

ತೋಟದ ಕಡೆ ನೆಟ್‌ವರ್ಕ್ ಕಡಿಮೆ. 1080ಪಿ ನಿಲ್ಲದೆ ಓಡೋಕೆ ಸುಮಾರು 5 ಎಂಬಿಪಿಎಸ್ ಬೇಕು. ಪೆನ್‌ಡ್ರೈವಿನಲ್ಲೇ ನೋಡೋರು, ಅದರಲ್ಲೂ ಸ್ಟುಡಿಯೊದವರು ಕೊಟ್ಟ ಮದುವೆ ವಿಡಿಯೊ ಹಾಕೋರು, ಎರಡು ವಿಷಯ ನೋಡಿ. ಎಫ್‌ಎಟಿ32 ಫಾರ್ಮ್ಯಾಟಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಚಿತ್ರ ಬಂದು ಶಬ್ದ ಬರದಿದ್ದರೆ ಆಡಿಯೊ ಡಾಲ್ಬಿ ಅಥವಾ ಡಿಟಿಎಸ್ ಆಗಿರುತ್ತೆ, ಪ್ರೊಜೆಕ್ಟರಿಗೆ ಅದನ್ನು ಬಿಡಿಸೋ ಪರವಾನಗಿ ಇರಲ್ಲ. ಅಂಥ ಫೈಲನ್ನು ಲ್ಯಾಪ್‌ಟಾಪಿನಿಂದ ಹಾಕಿ.

ಪ್ರೊಜೆಕ್ಟರಿನ ಒಳಗಿರೋ ಸ್ಪೀಕರ್ ಮೂರರಿಂದ ಐದು ವ್ಯಾಟು. ಹಂಚಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ಅದು ಯಾರಿಗೂ ಕೇಳಿಸಲ್ಲ. ಮನೆಯಲ್ಲಿ ಹಳೆಯ 2.1 ಸೆಟ್ ಇದ್ದರೆ ಅದನ್ನೇ ಬಳಸಿ. ಬ್ಲೂಟೂತ್ ಬೇಡ, ತುಟಿ ಆಡಿದ ಮೇಲೆ ಮಾತು ಕೇಳುತ್ತೆ. ಕಿವಿಗೆ ಒಮ್ಮೆ ಅದು ಬಿದ್ದರೆ ಇಡೀ ಸಿನಿಮಾ ಕಿರಿಕಿರಿ. ಪ್ರೊಜೆಕ್ಟರ್ ಹಿಂದೆ, ಸ್ಪೀಕರ್ ಮುಂದೆ ಇರೋದರಿಂದ ಐದಾರು ಮೀಟರ್ ತಂತಿ ಎಳೀಬೇಕಾಗುತ್ತೆ. ತೆಳ್ಳಗಿನ 3.5 ಎಂಎಂ ತಂತಿ ಗುಂಯ್ ಅನ್ನುತ್ತೆ, ಶೀಲ್ಡ್ ಇರುವ ದಪ್ಪ ಕೇಬಲ್ ಹಾಕಿ, ಪವರ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಬಿಡಬೇಡಿ. ಸೌಂಡ್‌ಬಾರಿನಲ್ಲಿ ಎಚ್‌ಡಿಎಂಐ ಒಳಗೂ ಹೊರಗೂ ಎರಡೂ ಇದ್ದರೆ ಕೆಲಸ ಸುಲಭ: ಸ್ಟಿಕ್ಕನ್ನು ಸೌಂಡ್‌ಬಾರಿಗೆ ಸಿಕ್ಕಿಸಿ, ಅಲ್ಲಿಂದ ಒಂದೇ ಎಚ್‌ಡಿಎಂಐ ಪ್ರೊಜೆಕ್ಟರಿಗೆ.

ಗೋಡೆ, ತೊಲೆ, ಪೈಪು

ಪರದೆಗೆ ದುಡ್ಡು ಹಾಕೋ ಮೊದಲು ಗೋಡೆ ನೋಡಿ. ನೂರು ಇಂಚಿಗೆ ಬೇಕಿರೋದು ಮೂವತ್ತು ಚದರ ಅಡಿ. ವಾಲ್ ಪುಟ್ಟಿ ಎರಡು ಕೈ, ಒಣಗಿದ ಮೇಲೆ 180 ನಂಬರಿನ ಉಪ್ಪು ಕಾಗದ, ಆಮೇಲೆ 320. ಟಾರ್ಚನ್ನು ಗೋಡೆಗೆ ಒತ್ತಿ ಪಕ್ಕದಿಂದ ಬೆಳಕು ಬಿಟ್ಟರೆ ಉಬ್ಬು ತಗ್ಗು ನೆರಳಾಗಿ ಕಾಣುತ್ತೆ, ಅಲ್ಲಿ ಮತ್ತೆ ಉಜ್ಜಿ. ಪ್ರೈಮರ್ ಒಂದು ಕೈ, ಮ್ಯಾಟ್ ಬಿಳಿ ಎಮಲ್ಷನ್ ಎರಡು ಕೈ. ಒಂದು ಲೀಟರ್ ಬಣ್ಣ ಸಾಕು. ಬ್ರಷ್ ಬೇಡ, ಸಣ್ಣ ಜೂಲಿನ ರೋಲರ್. ಹೊಳಪಿನ ಬಣ್ಣ ಹಾಕಿದರೆ ಪ್ರೊಜೆಕ್ಟರಿನ ಬೆಳಕು ನಡುವೆ ಬಿಸಿಲು ಹೊಡೆದ ಹಾಗೆ ಮಿಂಚುತ್ತೆ. ಸುತ್ತ ಮೂರು ಇಂಚು ಅಗಲ ಕಪ್ಪು ವೆಲ್ವೆಟ್ ಬಟ್ಟೆ ಅಂಟಿಸಿ, ಚಿತ್ರಕ್ಕೆ ಒಂದು ಕಳೆ ಬರುತ್ತೆ.

ಮಳೆಗಾಲದಲ್ಲಿ ತೇವ ಏರುವ ಗೋಡೆಗೆ ಈ ಕೆಲಸ ಮಾಡಬೇಡಿ, ಪುಟ್ಟಿ ಚಕ್ಕೆ ಎದ್ದು ಬರುತ್ತೆ. ಅಂಥ ಕಡೆ ಸಾ ಮಿಲ್ಲಿನಲ್ಲಿ ಎರಡು ಇಂಚು ಒಂದು ಇಂಚಿನ ರೀಪು ಸೀಳಿಸಿ ಚೌಕಟ್ಟು ಮಾಡಿ, ಮ್ಯಾಟ್ ಪರದೆ ಬಟ್ಟೆಯನ್ನು ಹಿಂದಿನಿಂದ ಸ್ಟೇಪಲ್ ಹೊಡೆದು ಬಿಗಿ ಮಾಡಿ. ಮೊದಲು ನಾಲ್ಕೂ ಬದಿಯ ನಡುವೆ, ಆಮೇಲೆ ಮೂಲೆಗಳ ಕಡೆಗೆ ಹೋಗಬೇಕು. ಮೂಲೆಯಿಂದ ಶುರು ಮಾಡಿದರೆ ನೆರಿಗೆ ಬೀಳುತ್ತೆ. ಹಸಿ ಮರ ಒಣಗುವಾಗ ತಿರುಚಿಕೊಳ್ಳುತ್ತೆ, ಒಣ ಮರವನ್ನೇ ಕೇಳಿ. ಚೌಕಟ್ಟು ಗೋಡೆಯಿಂದ ಒಂದು ಇಂಚು ದೂರ ನಿಲ್ಲಲಿ.

ಮಲೆನಾಡಿನ ಹಳೆಯ ಮನೆಗಳಿಗೆ ಒಂದು ಅನುಕೂಲ ಇದೆ. ಮರದ ಮುಚ್ಚಿಗೆ ಇದ್ದರೆ ಅದು ಗಾಢ ಬಣ್ಣದ್ದು, ಬೆಳಕನ್ನು ವಾಪಸ್ ಎರಚಲ್ಲ, ಕಪ್ಪು ಕಪ್ಪಾಗಿಯೇ ಉಳಿಯುತ್ತೆ. ಬಿಳಿ ಸೀಲಿಂಗಿನ ಆರ್‌ಸಿಸಿ ಮನೆಯವರು ಪರದೆ ಹತ್ತಿರದ ಮೂರು ನಾಲ್ಕು ಅಡಿ ಸೀಲಿಂಗಿಗೆ ಗಾಢ ಬಣ್ಣ ಹೊಡೆಸಿದರೆ ಪ್ರೊಜೆಕ್ಟರೇ ಬದಲಾಯಿಸಿದಷ್ಟು ವ್ಯತ್ಯಾಸ ಕಾಣುತ್ತೆ. ರೆಡ್ ಆಕ್ಸೈಡ್ ನೆಲ ಕನ್ನಡಿಯ ಹಾಗೆ ಹೊಳೆಯುತ್ತೆ, ಪರದೆ ಮುಂದೆ ಜಮಖಾನ ಹಾಸಿ. ಗಾಜಿನ ಹಂಚಿನ ಕೆಳಗೆ ಹಗಲಲ್ಲಿ ನೋಡೋದಾದರೆ ಕಪ್ಪು ಬಣ್ಣ ಬಳಿದ ಥರ್ಮಾಕೋಲ್ ತುಂಡು ಸಿಕ್ಕಿಸಿ.

ಇಡೋ ಜಾಗದ ವಿಷಯ: ಪ್ರೊಜೆಕ್ಟರ್ ಗೋಡೆಗೆ ನೇರ ಎದುರು ಇರಬೇಕು. ಪಕ್ಕದಲ್ಲಿಟ್ಟು ಕೀಸ್ಟೋನಿನಿಂದ ಸರಿ ಮಾಡ್ತೀನಿ ಅಂದರೆ ಪ್ಯಾನೆಲ್ಲಿನ ಒಂದು ಭಾಗ ಸುಮ್ಮನೆ ಕೂರುತ್ತೆ, 1080ಪಿಗೆ ಕೊಟ್ಟ ದುಡ್ಡು ಅಷ್ಟರಮಟ್ಟಿಗೆ ನಷ್ಟ. ತೂಗುಹಾಕುವಾಗ ಹಂಚಿನ ಮನೆಯಲ್ಲಿ ರೀಪಿಗೆ ಬೇಡ, ಪಕಾಸಿಗೂ ಬೇಡ, ತೊಲೆಗೇ ಸ್ಕ್ರೂ ಬಿಗಿಸಿ. ಮೇಲೆ ಅಟ್ಟ ಇದ್ದು ಜನ ಓಡಾಡ್ತಾರೆ ಅಂದರೆ ಚಿತ್ರ ಅಲುಗಾಡುತ್ತೆ, ಆಗ ಹಿಂದಿನ ಗೋಡೆಗೆ ಬ್ರಾಕೆಟ್ ಹಾಕೋದು ಒಳ್ಳೆಯದು. ಸುತ್ತ ಒಂದು ಅಡಿ ಗಾಳಿ ಆಡಬೇಕು, ಗೋಡೆ ಗೂಡಿನೊಳಗೆ ತುರುಕಬೇಡಿ.

ಹೊಸ ಮನೆ ಕಟ್ಟಿಸೋರು ಪ್ಲಾಸ್ಟರಿಂಗಿಗೆ ಮೊದಲೇ ಪೈಪು ಹಾಕಿಸಿ. ಎಲೆಕ್ಟ್ರಿಷಿಯನ್ ಅಭ್ಯಾಸದಂತೆ 20 ಎಂಎಂ ಪೈಪು ಹಾಕಿಬಿಡ್ತಾರೆ, ಅದರಲ್ಲಿ ಎಚ್‌ಡಿಎಂಐ ತಲೆ ತೂರಲ್ಲ. 25 ಎಂಎಂ ನೇರ ಇದ್ದರೆ ಹೋಗುತ್ತೆ, ತಿರುವಿನಲ್ಲಿ ಸಿಕ್ಕಿಕೊಳ್ಳುತ್ತೆ. 32 ಎಂಎಂ ಹಾಕಿಸಿ, ತಿರುವು ದೊಡ್ಡದಾಗಿರಲಿ, ಒಳಗೆ ಒಂದು ಎಳೆತಂತಿ ಬಿಡಿಸಿ. ಐದು ಮೀಟರ್ ಒಳಗೆ ಸಾಮಾನ್ಯ ಕೇಬಲ್ ಸಾಕು. ಹತ್ತು ಮೀಟರಿಗೆ ದಪ್ಪ ತಾಮ್ರದ್ದು ಬೇಕು. ಅದಕ್ಕೂ ಉದ್ದ ಅಂದರೆ ಆಪ್ಟಿಕಲ್ ಎಚ್‌ಡಿಎಂಐ. ಅದಕ್ಕೆ ದಿಕ್ಕು ಇರುತ್ತೆ, ಸೋರ್ಸ್ ಅಂತ ಬರೆದ ತುದಿ ಸ್ಟಿಕ್ಕಿನ ಕಡೆಗೆ. ಗೋಡೆಯೊಳಗೆ ಎಳೆದ ಮೇಲೆ ಉಲ್ಟಾ ಆಗಿದ್ದು ಗೊತ್ತಾದರೆ ಪೂರ್ತಿ ಕೆಲಸ ಮತ್ತೆ.

ದುಡ್ಡು ಹಂಚುವಾಗ ಎಲ್ಲವನ್ನೂ ಪ್ರೊಜೆಕ್ಟರಿಗೇ ಸುರಿಯಬೇಡಿ. ಒಟ್ಟು ನಲವತ್ತು ಸಾವಿರ ಇದ್ದರೆ ಪ್ರೊಜೆಕ್ಟರಿಗೆ 23-25, ಸ್ಟಿಕ್ಕಿಗೆ ನಾಲ್ಕೈದು, ಶಬ್ದಕ್ಕೆ ಐದಾರು, ಗೋಡೆ ಅಥವಾ ಪರದೆಗೆ ಎರಡು, ಉಳಿದದ್ದು ಕೇಬಲ್, ಸ್ಟ್ಯಾಂಡ್, ಸ್ಪೈಕ್ ಗಾರ್ಡ್. ಸ್ಪೀಕರ್ ಮನೆಯಲ್ಲೇ ಇದ್ದರೆ ಆ ದುಡ್ಡು ದಪ್ಪ ಕರ್ಟನ್ನಿಗೆ ಹೋಗಲಿ. ಸರ್ವಿಸ್ ಹೇಗೆ ಅಂತ ಬರವಣಿಗೆಯಲ್ಲಿ ಕೇಳಿ. ಕ್ಯಾರಿ-ಇನ್ ಅಂದರೆ ನೀವೇ ಹೊತ್ತುಕೊಂಡು ಹೋಗಬೇಕು. ಹತ್ತಿರದ ಕೇಂದ್ರ ಬೆಂಗಳೂರಿನಲ್ಲಿದ್ದರೆ ಹಾಸನದಿಂದ ಸುಮಾರು 185 ಕಿಲೋಮೀಟರ್. ಪೆಟ್ಟಿಗೆ, ಥರ್ಮಾಕೋಲ್ ಎಸೆಯಬೇಡಿ.

ಕರೆಂಟು, ಸಿಡಿಲು, ಮಳೆ

ಹೆಚ್ಚಿನ ಪ್ರೊಜೆಕ್ಟರುಗಳು 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತವೆ. ಲೇಬಲ್ಲಿನಲ್ಲಿ ಹಾಗೆ ಬರೆದಿದ್ದರೆ ಲೋ ವೋಲ್ಟೇಜಿಗೆ ಸ್ಟೆಬಿಲೈಜರ್ ಬೇಕಿಲ್ಲ. ಹೆದರಬೇಕಾದ್ದು ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ. ಪ್ಲಗ್ ಕಿತ್ತಿಟ್ಟರೂ ಡಿಶ್ ಕೇಬಲ್ ಹಾಗೇ ಬಿಟ್ಟಿದ್ದರೆ ಅದರ ಮೂಲಕ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐಗೆ ಬಂದು ಪ್ರೊಜೆಕ್ಟರಿನ ಬೋರ್ಡು ಸುಡಬಹುದು. ಮೋಡ ಕಟ್ಟಿದರೆ ಎರಡನ್ನೂ ಕೀಳಿ. ಪ್ರೊಜೆಕ್ಟರಿನ ಮೈ ಮುಟ್ಟಿದಾಗ ಜುಮ್ ಅಂದರೆ ಅರ್ತಿಂಗ್ ಇಲ್ಲ ಅಂತ ಅರ್ಥ. ಅರ್ತಿಂಗ್ ಇಲ್ಲದೆ ಸ್ಪೈಕ್ ಗಾರ್ಡೂ ಅರ್ಧ ಕೆಲಸವನ್ನೇ ಮಾಡುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅದನ್ನು ಸರಿಮಾಡಿಸಿ.

ಎಲ್‌ಇಡಿ ಪ್ರೊಜೆಕ್ಟರಿಗೂ ಸ್ಪೀಕರಿಗೂ ಸೇರಿ 130 ವ್ಯಾಟ್ ಅಂತಿಟ್ಟುಕೊಂಡರೆ 150 ಎಎಚ್ ಬ್ಯಾಟರಿಯ ಇನ್ವರ್ಟರ್, ಬ್ಯಾಟರಿ ಹೊಸದಿದ್ದರೆ, ಎರಡು ಮೂರು ಸಿನಿಮಾ ದಾಟಿಸುತ್ತೆ. ಸೈನ್ ವೇವ್ ಇನ್ವರ್ಟರೇ ಇರಲಿ, ಸ್ಕ್ವೇರ್ ವೇವಿನಲ್ಲಿ ಸ್ಪೀಕರ್ ಗುಂಯ್ ಅನ್ನುತ್ತೆ, ಅಡಾಪ್ಟರ್ ಬಿಸಿಯಾಗುತ್ತೆ. ಲ್ಯಾಂಪ್ ಪ್ರೊಜೆಕ್ಟರ್ 300 ವ್ಯಾಟಿನ ಆಸುಪಾಸು ಎಳೆಯುತ್ತೆ. ಕರೆಂಟ್ ಹೋದ ಕ್ಷಣ ಫ್ಯಾನು ನಿಂತು, ಕಾದ ಲ್ಯಾಂಪ್ ಹಾಗೇ ಬೇಯುತ್ತೆ, ಆಯಸ್ಸು ಕಡಿಮೆಯಾಗುತ್ತೆ. ಇನ್ವರ್ಟರ್ ಇಲ್ಲದವರು ಕಂಪ್ಯೂಟರಿಗೆ ಹಾಕುವ 600 ವಿಎ ಯುಪಿಎಸ್ ಆದರೂ ಇಡಿ, ತಣ್ಣಗೆ ಮಾಡಿ ಆರಿಸೋಕೆ ಸಮಯ ಸಿಗುತ್ತೆ.

ಕೆಲವು ಪ್ರೊಜೆಕ್ಟರುಗಳಲ್ಲಿ ಹೈ ಆಲ್ಟಿಟ್ಯೂಡ್ ಮೋಡ್ ಇರುತ್ತೆ. ಬೆಟ್ಟದ ಊರು ಅಂತ ಚಿಕ್ಕಮಗಳೂರಿನವರು ಅದನ್ನು ಹಾಕಬೇಕಿಲ್ಲ. ಅದು ಸಾಮಾನ್ಯವಾಗಿ 1500 ಮೀಟರ್ ಮೇಲಿನ ಜಾಗಗಳಿಗೆ. ಊರು ಇರೋದು ಸಾವಿರ ಮೀಟರ್ ಚಿಲ್ಲರೆಯಲ್ಲಿ. ಸುಮ್ಮನೆ ಹಾಕಿದರೆ ಫ್ಯಾನಿನ ಸದ್ದು ಜಾಸ್ತಿ ಅಷ್ಟೇ. ಬಾಬಾಬುಡನ್‌ಗಿರಿ ಸಾಲಿನ ಮೇಲ್ಭಾಗದಲ್ಲಿ ಮನೆ ಇರೋರಿಗೆ ಮಾತ್ರ ಬೇಕಾಗಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಪ್ರೊಜೆಕ್ಟರಿನ ದೊಡ್ಡ ಶತ್ರು ಬೂಷ್ಟು. ಚರ್ಮದ ಚಪ್ಪಲಿ, ಬೆಲ್ಟು ಬೂಷ್ಟು ಹಿಡಿಯೋ ಮನೆಯಲ್ಲಿ ಲೆನ್ಸೂ ಹಿಡಿಯುತ್ತೆ. ಟಾರ್ಚ್ ಓರೆಯಾಗಿ ಬಿಟ್ಟು ನೋಡಿದರೆ ಗಾಜಿನ ಮೇಲೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಾಣುತ್ತೆ. ಹೊರಗಿನ ಗಾಜಾದರೆ ಮೈಕ್ರೊಫೈಬರ್ ಬಟ್ಟೆಗೆ ಲೆನ್ಸ್ ಕ್ಲೀನರ್ ಹಚ್ಚಿ ಒರೆಸಬಹುದು. ಒಳಗೆ ಹೊಕ್ಕಿದ್ದರೆ ಬಿಚ್ಚಿಯೇ ತೆಗೀಬೇಕು. ಅದಕ್ಕೆ ಮದ್ದು, ಪ್ರೊಜೆಕ್ಟರನ್ನು ಮೂಲೆಗಿಡದೆ ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸೋದು. ಒಳಗಿನ ಬಿಸಿಯೇ ತೇವ ಓಡಿಸುತ್ತೆ. ಬಚ್ಚಲ ಒಲೆ, ಅಡುಗೆ ಒಲೆಯ ಹೊಗೆ ಬರೋ ಕಡೆ ಇಡಬೇಡಿ, ಮಸಿ ಜಿಡ್ಡಾಗಿ ಫ್ಯಾನಿಗೆ ಅಂಟುತ್ತೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಹುಳ ಎದ್ದು ಬೆಳಕಿಗೆ ಮುಗಿಬೀಳುತ್ತೆ. ಲೆನ್ಸಿನ ಬೆಳಕಿಗೂ ಬರುತ್ತೆ, ಗಾಳಿ ತೂತಿನಿಂದ ಫ್ಯಾನಿಗೂ ಹೋಗುತ್ತೆ. ಅಂಥ ಸಂಜೆ ಸಿನಿಮಾ ಬೇಡ, ಹಾಕಲೇಬೇಕು ಅಂದರೆ ಕಿಟಕಿ ಮುಚ್ಚಿ. ತೂತಿಗೆ ಬಟ್ಟೆ ಮಾತ್ರ ಕಟ್ಟಬೇಡಿ, ಗಾಳಿ ನಿಂತರೆ ಪ್ಯಾನೆಲ್ ಸುಡುತ್ತೆ.

ತಿಂಗಳುಗಟ್ಟಲೆ ಬಳಸಲ್ಲ ಅನ್ನೋದಾದರೆ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ, ಜೊತೆಗೆ ಕಾಲು ಕೆಜಿ ಸಿಲಿಕಾ ಜೆಲ್ಲನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಹಾಕಿ. ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಕುಡಿದ ಮೇಲೆ ಬಣ್ಣ ಹಸಿರಿಗೆ ತಿರುಗುತ್ತೆ. ಆಗ ಓವನ್ನಿನಲ್ಲಿ 110-120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಕಿತ್ತಳೆ. ರಿಮೋಟಿನ ಸೆಲ್ ತೆಗೆದಿಡೋದು ಮರೀಬೇಡಿ, ಮಳೆಗಾಲ ಕಳೆಯೋದರೊಳಗೆ ಅದು ಸೋರಿ ಸ್ಪ್ರಿಂಗಿಗೆ ತುಕ್ಕು ಹಿಡಿಸಿರುತ್ತೆ.